ಹಸುಗೆ ಇಂಜೆಕ್ಷನ್ ಮಾಡೋರ ಕ್ಯಾನಲ್ಲಿ ಮೈನಸ್ 196 ಐತಂತೆ, ಮೈನಸ್ 273ರಿಂದ ಕೆಳಕ್ಕೆ ಯಾಕೆ ಹೋಗಲ್ಲ?

ಹಾಲಿನಮನೆ_ಶ್ರೀನಿವಾಸಪುರ
ಎಲ್ರಿಗೂ ನಮಸ್ಕಾರ. ನಮ್ದು ಶ್ರೀನಿವಾಸಪುರ ತಾಲ್ಲೂಕು, ನಾಲ್ಕು ಹಸು, ಸ್ವಲ್ಪ ಮಾವಿನ ತೋಪು. ಮೊನ್ನೆ ಬೆಳಗ್ಗೆ ಒಂದು ಹಸು ಬೆದೆಗೆ ಬಂದಿತ್ತು, ಇಂಜೆಕ್ಷನ್ ಮಾಡೋರನ್ನ ಕರೆಸಿದ್ವಿ, ಅವ್ರು ಬೈಕಿಗೆ ಕಟ್ಕೊಂಡು ಬಂದಿದ್ದ ಸಣ್ಣ ಕ್ಯಾನ್ ಮುಚ್ಚಳ ತೆಗೆದ್ರೆ ಬೆಳ್ಳಗೆ ಹೊಗೆ ಥರ ಉಕ್ಕಿ ಕೆಳಕ್ಕೆ ಇಳೀತು. ನನ್ನ ಮಗಳು ಪಿಯುಸಿ ಸೈನ್ಸ್ ಓದ್ತಾವ್ಳೆ, ಪಕ್ಕದಲ್ಲೇ ನಿಂತಿದ್ಲು, ಎಷ್ಟು ಡಿಗ್ರಿ ಸಾರ್ ಅಂದ್ಲು, ಮೈನಸ್ 196 ಕಣಮ್ಮ ಅಂದ್ರು. ಅವ್ರು ಹೋದ್ಮೇಲೆ ನನ್ನ ಹಿಡ್ಕೊಂಡ್ಲು. ಅಪ್ಪಾ ಪುಸ್ತಕದಲ್ಲಿ ಮೈನಸ್ 273.15ಕ್ಕಿಂತ ಕೆಳಗೆ ಇಲ್ಲವೇ ಇಲ್ಲ ಅಂತ ಬರ್ದವ್ರೆ, ಸೂರ್ಯನ ಒಳಗೆ ಒಂದೂವರೆ ಕೋಟಿ ಡಿಗ್ರಿ ಅಂತಾರೆ, ಬಿಸಿ ಅಷ್ಟು ಮೇಲಕ್ಕೆ ಹೋಗುತ್ತೆ ಅಂದ್ರೆ ಚಳಿ ಮಾತ್ರ ಯಾಕೆ ಮುನ್ನೂರು ಕೂಡ ದಾಟಲ್ಲ, ಅದೂ 273 ಅನ್ನೋ ಅಡ್ಡಾದಿಡ್ಡಿ ನಂಬರಿಗೆ ಯಾಕೆ ನಿಲ್ಲುತ್ತೆ ಅಂತ. ನಾನು ಓದಿರೋದು ಎಸ್‌ಎಸ್‌ಎಲ್‌ಸಿ, ನನ್ನ ಕೈಲಿ ಹೇಳೋಕಾಗ್ಲಿಲ್ಲ. ಪುಸ್ತಕದ ವಾಕ್ಯ ಬೇಡ, ಅವಳ ಹತ್ರ ಅದು ಇದ್ದೇ ಐತೆ. ಅರ್ಥ ಆಗೋ ಹಾಗೆ ಯಾರಾದ್ರೂ ಹೇಳಿ ಪ್ಲೀಸ್.

ಪಶು_ಸೇವೆ_ಮಾಲೂರು
ಅಣ್ಣ ನಾನೂ ಅದೇ ಕೆಲ್ಸ ಮಾಡೋನು. ಅದು ದ್ರವ ನೈಟ್ರೋಜನ್, ನಾವು ಉಸಿರಾಡೋ ಗಾಳಿಯಲ್ಲಿ ನೂರಕ್ಕೆ 78 ಪಾಲು ಇರೋದೂ ಅದೇ, ತಣ್ಣಗೆ ಮಾಡಿ ಮಾಡಿ ನೀರಿನ ಥರ ಮಾಡಿರ್ತಾರೆ. ಕ್ಯಾನ್ ಒಳಗೆ ಅದು ಸದಾ ಕುದೀತಾ ಇರುತ್ತೆ, ನೀರು ನೂರಕ್ಕೆ ಕುದ್ದ ಹಾಗೆ ಇದು ಮೈನಸ್ 196ಕ್ಕೆ ಕುದಿಯುತ್ತೆ. ನೀವು ನೋಡಿದ ಹೊಗೆ ನೈಟ್ರೋಜನ್ ಅಲ್ಲ, ಅದಕ್ಕೆ ಬಣ್ಣ ಇಲ್ಲ, ಸುತ್ತಲ ಗಾಳಿಯ ತೇವ ಮಂಜಾಗಿ ಕಾಣೋದು. ಹೋರಿಯ ವೀರ್ಯ ತುಂಬಿರೋ ನಳಿಕೆ ಹೊರಗೆ ತೆಗೆದು 37 ಡಿಗ್ರಿ ನೀರಲ್ಲಿ ಅರ್ಧ ನಿಮಿಷ ಇಟ್ಟು ಆಮೇಲೆ ಹಸುಗೆ ಹಾಕೋದು, ಅಂದ್ರೆ ಅಷ್ಟು ಹೊತ್ತಲ್ಲಿ 233 ಡಿಗ್ರಿ ಮೇಲಕ್ಕೆ ಬರುತ್ತೆ, ಆದ್ರೂ ಜೀವ ಉಳಿದಿರುತ್ತೆ. ಎಷ್ಟು ವರ್ಷ ಮಾಡಿದ್ರೂ ನಂಗೆ ಇದು ದೊಡ್ಡ ವಿಷ್ಯಾನೇ. ಇನ್ನೊಂದು ಮಾತು, ಯಾರೂ ಆ ಕ್ಯಾನನ್ನ ಕಿಟಕಿ ಮುಚ್ಚಿದ ಕಾರಲ್ಲೋ ಸಣ್ಣ ರೂಮಲ್ಲೋ ಇಟ್ಕೊಬೇಡಿ, ಒಂದು ಲೀಟರ್ ದ್ರವ ಆವಿ ಆದ್ರೆ ಸುಮಾರು ಏಳ್ನೂರು ಲೀಟರ್ ಗಾಳಿ ಆಗುತ್ತೆ, ಆಮ್ಲಜನಕ ತಳ್ಳಿಬಿಡುತ್ತೆ, ಗೊತ್ತಾಗೋ ಮೊದ್ಲೇ ತಲೆ ಸುತ್ತಿ ಬಿದ್ದಿರ್ತೀರ.

273ರ ಕಥೆ ಮೇಷ್ಟ್ರು ಯಾರಾದ್ರೂ ಹೇಳ್ಲಿ.

ಚಿಂತಾಮಣಿ_ಮೇಷ್ಟ್ರು
ನಾನು ಹೈಸ್ಕೂಲಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟೋನು, ಈ ಪ್ರಶ್ನೆ ಕೇಳಿದ ಮಕ್ಕಳು ತುಂಬ ಕಮ್ಮಿ, ನಿಮ್ಮ ಮಗಳಿಗೆ ಮೊದ್ಲು ಶಹಬ್ಬಾಸ್ ಹೇಳಿ.

ಮೊದಲನೇ ಮಾತು, ಚಳಿ ಅನ್ನೋ ಪದಾರ್ಥವೇ ಇಲ್ಲ. ಕತ್ತಲೆ ಹೇಗೆ ಬೆಳಕಿಲ್ಲದಿರೋದೋ ಹಾಗೆ ಚಳಿ ಅಂದ್ರೆ ಬಿಸಿ ಕಮ್ಮಿ ಇರೋದು. ಬಿಸಿ ಅಂದ್ರೇನು? ಅಣುಗಳ ಓಡಾಟ, ನಡುಕ. ಗಾಳಿಯ ಅಣುಗಳು ಈಗ ನಿಮ್ಮ ಕೊಟ್ಟಿಗೆಯಲ್ಲೇ ಸೆಕೆಂಡಿಗೆ ನಾನ್ನೂರೈವತ್ತು ಐನೂರು ಮೀಟರ್ ಸ್ಪೀಡಲ್ಲಿ ಓಡ್ತಾವೆ. ಓಡಾಟ ಜಾಸ್ತಿ ಮಾಡ್ತಾ ಹೋಗ್ಬೋದು, ಆದ್ರೆ ಕಮ್ಮಿ ಮಾಡ್ತಾ ಹೋದ್ರೆ ಒಂದು ಕಡೆ ತೆಗೆಯೋಕೆ ಏನೂ ಉಳಿಯಲ್ಲ.

ಎರಡನೇದು, 273 ಯಾಕೆ ಅಡ್ಡಾದಿಡ್ಡಿ. ಕೋಲಾರದ ಟೊಮ್ಯಾಟೊ ಮಂಡಿ ನೋಡಿರ್ತೀರಲ್ಲ. ಕಾಟಾದ ಮೇಲೆ ಆಗ್ಲೇ 273 ಬಾಕ್ಸ್ ಇದೆ, ಯಾರೋ ಅದನ್ನ ನೋಡ್ದೆ ಜೀರೋ ಬಟನ್ ಒತ್ತಿಬಿಟ್ರು ಅಂದ್ಕೊಳಿ. ಆಮೇಲೆ 20 ಬಾಕ್ಸ್ ಇಟ್ರೆ 20 ಅಂತ ತೋರಿಸುತ್ತೆ, ಅದರ ಬದಲು ಹತ್ತು ಬಾಕ್ಸ್ ಕೆಳಗಿಳಿಸಿದ್ರೆ ಮೈನಸ್ ಹತ್ತು ಅನ್ನುತ್ತೆ. ಮೈನಸ್ ಅಂದ್ರೆ ಬಾಕ್ಸ್ ಇಲ್ಲ ಅಂತಲ್ಲ, ಇನ್ನೂ 263 ಇದ್ದಾವೆ. ಇಳಿಸ್ತಾ ಹೋಗಿ, ಮೈನಸ್ 273ಕ್ಕೆ ಕಾಟಾ ಖಾಲಿ. 274ನೇ ಬಾಕ್ಸ್ ಇಳಿಸೋಕೆ ಬಾಕ್ಸೇ ಇಲ್ಲ. ಸೆಲ್ಸಿಯಸ್ ಸ್ಕೇಲಲ್ಲಿ ಸೊನ್ನೆ ಅಂದ್ರೆ ಐಸ್ ಕರಗೋ ಜಾಗ, ಅದು ನಮ್ಮ ಅನುಕೂಲಕ್ಕೆ ನಾವು ಒತ್ತಿದ ಬಟನ್. ನಿಜವಾದ ಖಾಲಿ ಕಾಟಾ ಅಲ್ಲಿಂದ 273.15 ಕೆಳಗಿದೆ. ಕೆಲ್ವಿನ್ ಸ್ಕೇಲ್ ಅಂದ್ರೆ ಖಾಲಿ ಕಾಟಾಕ್ಕೆ ಜೀರೋ ಒತ್ತಿರೋದು, ಅಷ್ಟೇ. ಡಿಗ್ರಿಯ ಅಳತೆ ಎರಡರಲ್ಲೂ ಒಂದೇ. ನಿಮ್ಮ ಇಂಜೆಕ್ಷನ್ ಕ್ಯಾನ್ 77 ಕೆಲ್ವಿನ್, ಅಂದ್ರೆ ಇನ್ನೂ 77 ಬಾಕ್ಸ್ ಮೇಲೇ ಇದೆ.

ಹಾಲಿನಮನೆ_ಶ್ರೀನಿವಾಸಪುರ
ಮೇಷ್ಟ್ರೇ ಕಾಟಾ ಲೆಕ್ಕ ನಂಗೇ ಅರ್ಥ ಆಯ್ತು! ಮಗಳಿಗೆ ಓದಿ ಹೇಳ್ದೆ. ಅವಳು ತಕ್ಷಣ, ಹಂಗಾದ್ರೆ 40 ಡಿಗ್ರಿ ಬಿಸಿಲು 20 ಡಿಗ್ರಿಗಿಂತ ಡಬಲ್ ಬಿಸಿ ಅನ್ನೋದು ತಪ್ಪಾ ಅಂತ ಕೇಳ್ತಾವ್ಳೆ.

ಚಿಂತಾಮಣಿ_ಮೇಷ್ಟ್ರು
ತಪ್ಪು. 293 ಬಾಕ್ಸು, 313 ಬಾಕ್ಸು. ನೂರಕ್ಕೆ ಏಳರಷ್ಟು ಕೂಡ ಜಾಸ್ತಿ ಇಲ್ಲ. ಏಪ್ರಿಲ್ ಬಿಸಿಲಿಗೂ ಡಿಸೆಂಬರ್ ಬೆಳಗಿಗೂ ನಾವು ಒದ್ದಾಡೋ ವ್ಯತ್ಯಾಸ ಪ್ರಕೃತಿ ಲೆಕ್ಕದಲ್ಲಿ ಅಷ್ಟೇ.

ಎಂಎಸ್ಸಿ_ತುಮಕೂರು
ಮೇಷ್ಟ್ರೇ ಉಪಮೆ ತುಂಬಾ ಚೆನ್ನಾಗಿದೆ, ಒಂದು ಸಣ್ಣ ಎಚ್ಚರಿಕೆ ಸೇರಿಸ್ತೀನಿ. ಬಾಕ್ಸ್ ಅಂದ್ರೆ ಶಾಖದ ಪ್ರಮಾಣ ಅಂದ್ಕೋಬಾರ್ದು, ಉಷ್ಣತೆಯ ಮಟ್ಟ ಅಷ್ಟೇ. ಒಂದು ಲೋಟ ಕುದಿಯೋ ಕಾಫಿಗಿಂತ ಒಂದು ಕೆರೆಯ ತಣ್ಣನೆ ನೀರಲ್ಲಿ ಒಟ್ಟು ಶಾಖ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ, ಆದ್ರೂ ಕೈ ಸುಡೋದು ಕಾಫಿ. ಪರೀಕ್ಷೇಲಿ ಇಲ್ಲೇ ಎಲ್ರೂ ಎಡವೋದು.

ಪಂಚರ್_ಅಂಗಡಿ_ಕೋಲಾರ
ಇದಕ್ಕೂ ನಮ್ಮ ಕೆಲ್ಸಕ್ಕೂ ಸಂಬಂಧ ಐತೆ ಅನ್ಸುತ್ತೆ ಅದಕ್ಕೆ ಕೇಳ್ತೀನಿ. ನಮ್ಮ ಅಂಗಡಿ ಹೈವೇ ಪಕ್ಕ. ಬೆಳಗ್ಗೆ ಐದೂವರೆಗೆ ಟೊಮ್ಯಾಟೊ ಗಾಡಿಯವ್ರು ಕಾರಿನವ್ರು ಎಲ್ಲ ಗಾಳಿ ಹಿಡಿಸ್ತಾರೆ, 30 ಇಟ್ಟು ಕಳಿಸ್ತೀನಿ. ಅದೇ ಕಾರು ಮಧ್ಯಾಹ್ನ ಬೆಂಗಳೂರು ಮುಟ್ಟಿ ವಾಪಸ್ ಬಂದಾಗ ಮೀಟರಲ್ಲಿ 34 ತೋರಿಸುತ್ತೆ. ಕಸ್ಟಮರು ನೀನು ಜಾಸ್ತಿ ಹಿಡಿದಿದ್ದೀಯ ಅಂತ ಗಲಾಟೆ ಮಾಡ್ತಾರೆ. ಬಿಸಿಗೆ ಏರುತ್ತೆ ಅಂತ ಗೊತ್ತು, ಆದ್ರೆ ಇಷ್ಟೇ ಯಾಕೆ ಏರ್ಬೇಕು, ಲೆಕ್ಕ ಐತಾ?

ಎಂಎಸ್ಸಿ_ತುಮಕೂರು
ಅಣ್ಣ ಇದ್ಕಿಂತ ಒಳ್ಳೆ ಉದಾಹರಣೆ ನಮ್ಮ ಕ್ಲಾಸಲ್ಲೂ ಸಿಕ್ಕಿರ್ಲಿಲ್ಲ, ಯಾಕಂದ್ರೆ ಇದ್ರಲ್ಲಿ ಎರಡು ಸುಳ್ಳು ಜೀರೋ ಇದೆ. ಒಂದು ಸೆಲ್ಸಿಯಸ್‌ದು. ಇನ್ನೊಂದು ನಿಮ್ಮ ಮೀಟರ್‌ದು, ಅದು ಹೊರಗಿನ ಗಾಳಿಯ ಒತ್ತಡವನ್ನ ಜೀರೋ ಅಂತ ಇಟ್ಕೊಂಡಿರುತ್ತೆ. ಪೂರ್ತಿ ಚಪ್ಪಟೆ ಆದ ಟಯರಿಗೂ ಮೀಟರ್ ಸೊನ್ನೆ ತೋರಿಸುತ್ತೆ ಅಲ್ವಾ, ಆದ್ರೆ ಒಳಗೆ ವಾತಾವರಣದ ಗಾಳಿ ಇದ್ದೇ ಇರುತ್ತೆ, ನಮ್ಮ ಕೋಲಾರದ ಎತ್ತರದಲ್ಲಿ ಅದು ಹದಿಮೂರು ಚಿಲ್ಲರೆ.

ಈಗ ಲೆಕ್ಕ. ಬೆಳಗ್ಗೆ 20 ಡಿಗ್ರಿ, ಅಂದ್ರೆ 293 ಕೆಲ್ವಿನ್. ನಿಜವಾದ ಒತ್ತಡ 30 ಪ್ಲಸ್ 13.4, ಅಂದ್ರೆ 43.4. ರೋಡಲ್ಲಿ ಓಡಿ ಟಯರ್ ಒಳಗಿನ ಗಾಳಿ 45 ಡಿಗ್ರಿ ಆಯ್ತು ಅಂದ್ಕೊಳೋಣ, 318 ಕೆಲ್ವಿನ್. 43.4ನ್ನ 318ರಿಂದ ಗುಣಿಸಿ 293ರಿಂದ ಭಾಗಿಸಿ, 47.1 ಬರುತ್ತೆ. ಹೊರಗಿನ 13.4 ಕಳೆದ್ರೆ 33.7. ನಿಮ್ಮ ಮೀಟರ್ 34 ತೋರಿಸಿದ್ದು ಸರಿಯಾಗೇ ಇದೆ. ಅದೇ ಲೆಕ್ಕನ ಯಾರಾದ್ರೂ ಸೆಲ್ಸಿಯಸಲ್ಲಿ ಮಾಡಿದ್ರೆ, 20 ಹೋಗಿ 45 ಆಯ್ತು ಅಂದ್ರೆ ಎರಡೂಕಾಲು ಪಟ್ಟು, 30 ಹೋಗಿ 67 ಆಗ್ಬೇಕಿತ್ತು, ದಿನಾ ಮಧ್ಯಾಹ್ನ ಎಲ್ಲ ಟಯರೂ ಸಿಡೀಬೇಕಿತ್ತು. ಕೂಡೋದು ಕಳೆಯೋದು ಯಾವ ಸ್ಕೇಲಲ್ಲಾದ್ರೂ ಮಾಡಿ, ಗುಣಿಸೋದು ಭಾಗಿಸೋದು ಮಾತ್ರ ನಿಜವಾದ ಜೀರೋ ಇರೋ ಸ್ಕೇಲಲ್ಲೇ ಮಾಡ್ಬೇಕು.

ಪಂಚರ್_ಅಂಗಡಿ_ಕೋಲಾರ
ತುಂಬ ಥ್ಯಾಂಕ್ಸ್ ಮೇಡಂ. ಇದನ್ನ ಒಂದು ರಟ್ಟಿನ ಮೇಲೆ ಬರೆಸಿ ಅಂಗಡೀಲಿ ತೂಗಾಕ್ತೀನಿ, 30 ಬೆಳಗ್ಗೆ, 34 ಮಧ್ಯಾಹ್ನ, ಎರಡೂ ಸರಿ ಅಂತ.

ರಾಕೇಟು_ಗೌರಿಬಿದನೂರು
ಇಲ್ಲಿ ಎಲ್ಲ ಸುತ್ತಿಬಳಸಿ ಹೇಳ್ತಿದ್ದೀರ. ಸಿಂಪಲ್, ನಿರಪೇಕ್ಷ ಶೂನ್ಯದಲ್ಲಿ, ಅಂದ್ರೆ ಆ ಮೈನಸ್ 273.15ರಲ್ಲಿ, ಅಣುಗಳು ಪೂರ್ತಿ ನಿಂತೋಗ್ತವೆ, ನಿಂತಿರೋದನ್ನ ಇನ್ನೂ ನಿಲ್ಲಿಸೋಕಾಗಲ್ಲ, ಅದಕ್ಕೇ ಕೆಳಗೆ ಇಲ್ಲ. ಮುಗೀತು.

ಎಂಎಸ್ಸಿ_ತುಮಕೂರು
ಮುಗಿಯಲ್ಲ ಬ್ರದರ್. ಪೂರ್ತಿ ನಿಲ್ಲಲ್ಲ.

ರಾಕೇಟು_ಗೌರಿಬಿದನೂರು
ನಮ್ಮ ಲೆಕ್ಚರರ್ ಹಾಗೇ ಹೇಳಿದ್ದು, ಪುಸ್ತಕದಲ್ಲೂ ಹಾಗೇ ಇದೆ, ನೀವು ಅದಕ್ಕಿಂತ ಹೆಚ್ಚಾ?

ಎಂಎಸ್ಸಿ_ತುಮಕೂರು
ನಾನಲ್ಲ, ಹೀಲಿಯಂ ಹೇಳುತ್ತೆ. ಎಲ್ಲಾ ದ್ರವಗಳೂ ತಣ್ಣಗೆ ಮಾಡ್ತಾ ಹೋದ್ರೆ ಒಂದು ಕಡೆ ಗಟ್ಟಿ ಆಗ್ತವೆ, ಹೀಲಿಯಂ ಮಾತ್ರ ಮಾಮೂಲಿ ಒತ್ತಡದಲ್ಲಿ ಎಷ್ಟೇ ತಣ್ಣಗೆ ಮಾಡಿದ್ರೂ ಗಟ್ಟಿ ಆಗೋದೇ ಇಲ್ಲ, ಸೊನ್ನೆ ಕೆಲ್ವಿನ್ ಹತ್ತಿರ ಕೂಡ ದ್ರವವಾಗೇ ಇರುತ್ತೆ, ಗಟ್ಟಿ ಮಾಡ್ಬೇಕಂದ್ರೆ ವಾತಾವರಣದ ಸುಮಾರು 25 ಪಟ್ಟು ಒತ್ತಡ ಹಾಕ್ಬೇಕು. ಯಾಕೆ? ಅದರ ಪರಮಾಣುಗಳು ಅಲ್ಲೂ ನಡುಗ್ತಾ ಇರ್ತವೆ. ಕ್ವಾಂಟಂ ನಿಯಮದ ಪ್ರಕಾರ ಒಂದು ಕಣ ಇಂಥಾ ಜಾಗದಲ್ಲೇ ಇದೆ ಮತ್ತು ಅಲುಗಾಡ್ದೇನೂ ಇದೆ, ಎರಡೂ ಒಟ್ಟಿಗೆ ಆಗೋಕೆ ಸಾಧ್ಯ ಇಲ್ಲ, ಹಾಗಾಗಿ ಕನಿಷ್ಠ ಒಂದು ನಡುಕ ಉಳಿದೇ ಉಳಿಯುತ್ತೆ. ಆದ್ರೆ ಆ ನಡುಕವನ್ನ ಯಾರೂ ಹೊರಗೆ ತೆಗೆದು ಬೇರೆಯವರಿಗೆ ಕೊಡೋಕಾಗಲ್ಲ. ಅದಕ್ಕೇ ಅಲ್ಲಿ ಇರೋದು ಶೂನ್ಯ ಚಲನೆ ಅಲ್ಲ, ತೆಗೆಯೋಕಾಗೋದು ಶೂನ್ಯ. ನಿಮ್ಮ ಲೆಕ್ಚರರ್ ಹೇಳಿದ್ದು ಹತ್ತೊಂಬತ್ತನೇ ಶತಮಾನದ ಲೆಕ್ಕಕ್ಕೆ ಸರಿ, ಮೊದಲ ಹೆಜ್ಜೆಗೆ ಅಷ್ಟು ಸಾಕು ಕೂಡ, ಆದ್ರೆ ಅಲ್ಲೇ ನಿಲ್ಬಾರ್ದು.

ರಾಕೇಟು_ಗೌರಿಬಿದನೂರು
ಹೀಲಿಯಂ ವಿಷಯ ನಂಗೆ ಗೊತ್ತಿರ್ಲಿಲ್ಲ. ಓದ್ತೀನಿ. ಜೋರಾಗಿ ಮಾತಾಡಿದ್ದಕ್ಕೆ ಸಾರಿ ಅಕ್ಕ.

ಸ್ಕ್ಯಾನಿಂಗ್_ಸೆಂಟರ್_ಹುಡುಗ
ಹೀಲಿಯಂ ಅಂದಿದ್ದಕ್ಕೆ ಬಂದೆ. ನಾನು ಎಂಆರ್‌ಐ ಟೆಕ್ನಿಷಿಯನ್, ತುಮಕೂರು. ನಮ್ಮ ಮಿಷನ್ ಒಳಗೆ ಪೇಶೆಂಟ್ ಮಲಗೋ ಸುರಂಗದ ಸುತ್ತ ದ್ರವ ಹೀಲಿಯಂ ಇದೆ, ಅದು 4.2 ಕೆಲ್ವಿನ್, ಮೈನಸ್ 269. ಒಳಗೆ ಮಲಗಿರೋರು ಎಸಿ ಸ್ವಲ್ಪ ಜಾಸ್ತಿ ಇದೆ, ಕಂಬಳಿ ಕೊಡಿ ಅಂತಾರೆ, ಅವರ ಭುಜದಿಂದ ಒಂದೆರಡು ಅಡಿ ಆಚೆಗೇ ಬಾಹ್ಯಾಕಾಶದಷ್ಟು ಚಳಿ ಇದೆ ಅಂತ ಅವರಿಗೆ ಗೊತ್ತಿರಲ್ಲ. ಅಷ್ಟು ತಣ್ಣಗಿದ್ರೆ ಮಾತ್ರ ಸುರುಳಿಯ ತಂತಿಯಲ್ಲಿ ಕರೆಂಟಿಗೆ ಯಾವ ತಡೆನೂ ಇರಲ್ಲ, ಒಂದ್ಸಲ ಹರಿಸಿಬಿಟ್ರೆ ಸುತ್ತುತ್ತಾನೇ ಇರುತ್ತೆ, ರಾತ್ರಿ ನಾವು ಬೀಗ ಹಾಕ್ಕೊಂಡು ಹೋದ್ರೂ ಅಯಸ್ಕಾಂತ ಆನ್ ಆಗೇ ಇರುತ್ತೆ. ಅದಕ್ಕೇ ಕಬ್ಬಿಣದ ಸಾಮಾನು ಒಳಗೆ ತರ್ಬೇಡಿ ಅಂತ ನಾವು ಅಷ್ಟೊಂದು ಕೂಗಾಡೋದು, ದಯವಿಟ್ಟು ಬೇಜಾರು ಮಾಡ್ಕೋಬೇಡಿ.

ಚಿಂತಾಮಣಿ_ಮೇಷ್ಟ್ರು
ನೋಡಿ, ಕೊಟ್ಟಿಗೆಯ ಕ್ಯಾನಿಂದ ಆಸ್ಪತ್ರೆಗೆ ಬಂದ್ವಿ. ಹೀಲಿಯಂನ ಮೊದಲು ದ್ರವ ಮಾಡಿದ್ದು ಹಾಲೆಂಡಿನ ಲೈಡನ್ ಊರಲ್ಲಿ ಕಾಮರ್ಲಿಂಗ್ ಓನ್ಸ್, 1908ರಲ್ಲಿ. ಮೂರು ವರ್ಷ ಆದ್ಮೇಲೆ ಅದರೊಳಗೆ ಪಾದರಸ ಇಟ್ಟು ನೋಡಿದಾಗ ಅದರ ವಿದ್ಯುತ್ ತಡೆ ಇದ್ದಕ್ಕಿದ್ದಂಗೆ ಮಾಯ ಆಗಿತ್ತು. 1913ರಲ್ಲಿ ನೊಬೆಲ್ ಬಂತು. ಈ ಹೀಲಿಯಂನ ಕುರುಹು ಭೂಮಿ ಮೇಲೆ ಸಿಗೋ ಮೊದಲೇ ಸೂರ್ಯನ ಬೆಳಕಲ್ಲಿ ಸಿಕ್ಕಿತ್ತು, 1868ರ ಗ್ರಹಣದ ವರ್ಷ, ಆ ಗ್ರಹಣ ನೋಡೋಕೆ ಫ್ರಾನ್ಸಿನ ಜಾನ್ಸನ್ ಬಂದಿದ್ದು ನಮ್ಮ ಪಕ್ಕದ ಆಂಧ್ರದ ಗುಂಟೂರಿಗೆ.

ಸಿಸ್ಟರ್_ಶಿರಾ
ನಂದೊಂದು ಬೇರೆ ಕಷ್ಟ. ನಾನು ನರ್ಸ್. ಹವಾಮಾನ ಸೆಲ್ಸಿಯಸಲ್ಲಿ, ಲಸಿಕೆ ಫ್ರಿಜ್ಜು 2ರಿಂದ 8 ಡಿಗ್ರಿ ಸೆಲ್ಸಿಯಸ್, ಜ್ವರ ಮಾತ್ರ ನಮ್ಮ ಜನ 101, 102 ಅಂತ ಫ್ಯಾರನ್‌ಹೀಟಲ್ಲೇ ಹೇಳೋದು. ಈಗ ಬರೋ ಡಿಜಿಟಲ್ ಥರ್ಮಾಮೀಟರ್ ಬಟನ್ ಒತ್ತಿದ್ರೆ ಸೆಲ್ಸಿಯಸಿಗೆ ಹೋಗಿಬಿಡುತ್ತೆ, ತಾಯಂದಿರು ಫೋನ್ ಮಾಡಿ ಮಗುಗೆ 38.5 ಇದೆ ಏನೂ ಇಲ್ಲ ಅಲ್ವಾ ಸಿಸ್ಟರ್ ಅಂತಾರೆ. ಅದು 101.3 ಜ್ವರ ಕಣಮ್ಮ ಅಂದ್ರೆ ಗಾಬರಿ. ಈ ಎರಡು ಸ್ಕೇಲ್ ಯಾಕಾದ್ರೂ ಮಾಡಿದ್ರೋ, ಅದೂ 32 ಅಂತ ಯಾಕೆ ಶುರು ಆಗ್ಬೇಕು?

ಚಿಂತಾಮಣಿ_ಮೇಷ್ಟ್ರು
ಸಿಸ್ಟರ್, ಪಾತ್ರೆಗೆ ಕಲಾಯಿ ಹಾಕೋರು ನವಸಾಗರ ಉಜ್ಜೋದು ನೋಡಿದ್ದೀರಾ, ಬಿಳೀ ಹೊಗೆ ಬರುತ್ತಲ್ಲ, ಅದೇ. ಫ್ಯಾರನ್‌ಹೀಟ್ 1724ರಲ್ಲಿ ಬರೆದ ಲೇಖನದಲ್ಲಿ ಐಸು, ನೀರು, ನವಸಾಗರ ಸೇರಿಸಿದಾಗ ಬರೋ ಚಳಿಗೆ ಸೊನ್ನೆ ಅಂತ ಕರೆದ್ರು. ಬರೀ ಐಸು ನೀರಿಗೆ 32, ಆರೋಗ್ಯವಾಗಿರೋ ಮನುಷ್ಯನ ಬಾಯಲ್ಲೋ ಕಂಕುಳಲ್ಲೋ ಇಟ್ರೆ 96. 32ರಿಂದ 96 ಅಂದ್ರೆ 64 ಭಾಗ, ಅರ್ಧ ಅರ್ಧ ಮಾಡ್ತಾ ಗೆರೆ ಹಾಕೋಕೆ ಸುಲಭ. ಆಮೇಲೆ ನೀರು ಕುದಿಯೋದಕ್ಕೆ 212 ಅಂತ ಗಟ್ಟಿ ಮಾಡಿದ್ಮೇಲೆ ಮೈಬಿಸಿ ಸ್ವಲ್ಪ ಸರಿದು 98.6 ಆಯ್ತು. ಆ 98.6 ಕೂಡ 1868ರಲ್ಲಿ ಜರ್ಮನಿಯ ವುಂಡರ್ಲಿಕ್ ಅನ್ನೋ ಡಾಕ್ಟ್ರು ಹೇಳಿದ 37 ಸೆಲ್ಸಿಯಸನ್ನ ಗುಣಿಸಿ ಬರೆದಿದ್ದು, ಅದಕ್ಕೇ ಪಾಯಿಂಟ್ ಆರು ಬಾಲ ಬಂದಿರೋದು. ಎಲ್ರ ಮೈಯೂ ಅಷ್ಟೇ ಇರ್ಬೇಕು ಅಂತ ಏನಿಲ್ಲ.

ಸೆಲ್ಸಿಯಸ್ ಸಾಹೇಬ್ರು ಸ್ವೀಡನ್ನಿನವರು, 1742ರಲ್ಲಿ ಅವರು ಮೊದಲು ಇಟ್ಟಿದ್ದು ಉಲ್ಟಾ, ಕುದಿಯೋದು ಸೊನ್ನೆ, ಐಸು ನೂರು! ಅವರು ತೀರ್ಕೊಂಡ್ಮೇಲೆ ತಿರುಗಿಸಿದ್ರು.

ಶಿಡ್ಲಘಟ್ಟ_ರೇಷ್ಮೆಗೂಡು
ನಮ್ಮ ಹುಳದ ಮನೆ ಥರ್ಮಾಮೀಟರಲ್ಲಿ ಎರಡೂ ಬರ್ದಿರುತ್ತೆ. ನಮ್ಮಪ್ಪನಿಗೆ ಫ್ಯಾರನ್‌ಹೀಟೇ ಬರೋದು, ಚಾಕಿ ಹುಳಕ್ಕೆ, ಅಂದ್ರೆ ಎಳೇ ರೇಷ್ಮೆ ಹುಳಕ್ಕೆ, 80 ಇರ್ಬೇಕು ಅಂತಿದ್ರು, ಇಲಾಖೆಯವ್ರು 27 ಅಂತಾರೆ, ಎರಡೂ ಒಂದೇ ಅಂತ ಗೊತ್ತಾಗೋಕೆ ನಂಗೆ ವರ್ಷ ಹಿಡೀತು. ನಾನು ಮನಸ್ಸಲ್ಲೇ ಮಾಡೋ ಲೆಕ್ಕ ಹೇಳ್ತೀನಿ ಸಿಸ್ಟರ್, ಸೆಲ್ಸಿಯಸನ್ನ ಡಬಲ್ ಮಾಡಿ, ಅದರಲ್ಲಿ ಹತ್ತನೇ ಒಂದು ಭಾಗ ತೆಗೆದಾಕಿ, 32 ಸೇರ್ಸಿ. 35 ಅಂದ್ರೆ 70, ಏಳು ಹೋದ್ರೆ 63, ಮೂವತ್ತೆರಡು ಸೇರಿದ್ರೆ 95. ಪಕ್ಕಾ ಬರುತ್ತೆ, ಅಂದಾಜಲ್ಲ.

ಎಂಎಸ್ಸಿ_ತುಮಕೂರು
ಸೂಪರ್. ಆದ್ರೆ ಇಲ್ಲೊಂದು ಗುಂಡಿ ಇದೆ, ನ್ಯೂಸಲ್ಲೂ ಬೀಳ್ತಾರೆ. ಮೂವತ್ತೆರಡು ಸೇರಿಸೋದು ಥರ್ಮಾಮೀಟರ್ ರೀಡಿಂಗಿಗೆ ಮಾತ್ರ, ಏರಿಕೆಗೆ ಅಲ್ಲ. ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ ಏರಿದೆ ಅಂದ್ರೆ ಫ್ಯಾರನ್‌ಹೀಟಲ್ಲಿ 3.6 ಏರಿದೆ ಅಂತ ಅರ್ಥ, 35.6 ಅಲ್ಲ. ಕೆಲ್ವಿನಲ್ಲಿ ಬರೀ 2. ಕಾಟಾದ ಜೀರೋ ಎಲ್ಲೇ ಇರ್ಲಿ, ಎರಡು ಬಾಕ್ಸ್ ಇಟ್ರೆ ಎರಡು ಬಾಕ್ಸೇ. ಇನ್ನೊಂದು, ಮೈನಸ್ 40ರಲ್ಲಿ ಸೆಲ್ಸಿಯಸ್ ಫ್ಯಾರನ್‌ಹೀಟ್ ಎರಡೂ ಒಂದೇ ನಂಬರ್, ಅಲ್ಲಿ ಒಬ್ಬರನ್ನೊಬ್ಬರು ದಾಟ್ತವೆ. ನಿರಪೇಕ್ಷ ಶೂನ್ಯ ಫ್ಯಾರನ್‌ಹೀಟಲ್ಲಿ ಮೈನಸ್ 459.67.

ಕೆಜಿಎಫ್_ಮನೆಮಗ
ನಮ್ಮ ತಾತ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫಲ್ಲಿ ಕೆಲ್ಸ ಮಾಡಿದ್ರು. ಮೂರು ಕಿಲೋಮೀಟರ್‌ಗಿಂತ ಆಳ, ಕಲ್ಲು ಮುಟ್ಟಿದ್ರೆ ಕೈ ಸುಡ್ತಿತ್ತು ಅಂತ ಹೇಳೋರು. 60 ಡಿಗ್ರಿ ಸೆಲ್ಸಿಯಸ್ ದಾಟ್ತಿತ್ತು ಆ ಆಳದಲ್ಲಿ, ಮೇಲಿಂದ ತಣ್ಣನೆ ಗಾಳಿ ಕಳಿಸಿದ್ರೆ ಮಾತ್ರ ಕೆಲ್ಸ. ತಾತ ಹೇಳ್ತಿದ್ದಿದ್ದು ಎಲ್ಲ ಫ್ಯಾರನ್‌ಹೀಟು, ನೂರೈವತ್ತು ಅನ್ನೋರು, ಚಿಕ್ಕೋನಾಗಿದ್ದಾಗ ನಾನು ಅದು ಕುದಿಯೋ ನೀರಿಗಿಂತ ಜಾಸ್ತಿ ಅಂದ್ಕೊಂಡು ಸುಳ್ಳು ಹೇಳ್ತಾರೆ ಅಂತ ತಿಳ್ಕೊಂಡಿದ್ದೆ. ಇವತ್ತು ಲೆಕ್ಕ ಹಾಕ್ದೆ, 150 ಅಂದ್ರೆ ಸುಮಾರು 66. ತಾತ ನಿಜಾನೇ ಹೇಳಿದ್ರು. ಈಗ ಅವ್ರಿಲ್ಲ.

ಸೇವಂತಿಗೆ_ತೋಟ_ಚಿಕ್ಕಬಳ್ಳಾಪುರ
ಸೇವಂತಿಗೆಗೆ ರಾತ್ರಿ ಹೊತ್ತು ಬಲ್ಬ್ ಹಾಕ್ತೀವಲ್ಲ, ಆ ಎಲ್‌ಇಡಿ ಡಬ್ಬಿ ಮೇಲೆ 6500 ಕೆ, 3000 ಕೆ ಅಂತ ಇರುತ್ತೆ. ಆ ಕೆ ಅಂದ್ರೆ ಇದೇ ಕೆಲ್ವಿನ್ನಾ? ಬಲ್ಬ್ ಅಷ್ಟು ಬಿಸಿ ಇದ್ರೆ ಕರಗಿಹೋಗಲ್ವಾ?

ಎಂಎಸ್ಸಿ_ತುಮಕೂರು
ಅದೇ ಕೆಲ್ವಿನ್, ಆದ್ರೆ ಬಲ್ಬಿನ ಬಿಸಿ ಅಲ್ಲ, ಬಣ್ಣದ ಲೆಕ್ಕ. ಕಬ್ಬಿಣ ಕಾಯ್ಸಿದ್ರೆ ಮೊದ್ಲು ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳಿ ಆಗುತ್ತಲ್ಲ, ಹಾಗೆ ಒಂದು ವಸ್ತುನ 3000 ಕೆಲ್ವಿನಿಗೆ ಕಾಯ್ಸಿದ್ರೆ ಬರೋ ಹಳದಿ ಥರದ ಬೆಳಕು ಈ ಬಲ್ಬ್ ಕೊಡುತ್ತೆ ಅಂತ ಅರ್ಥ. ಸೂರ್ಯನ ಮೇಲ್ಮೈ ಸುಮಾರು 5772 ಕೆಲ್ವಿನ್. ಡಬ್ಬಿ ಮೇಲೆ ಡಿಗ್ರಿ ಗುರುತು ಇರಲ್ಲ ನೋಡಿ, 1967ರಿಂದ ಡಿಗ್ರಿ ಕೆಲ್ವಿನ್ ಅನ್ನೋ ಹಾಗಿಲ್ಲ, ಬರೀ ಕೆಲ್ವಿನ್. ಲೀಟರ್, ಮೀಟರ್ ಥರ ಅದೂ ಒಂದು ಅಳತೆ, ಖಾಲಿಯಿಂದ ಶುರು ಆಗೋದು.

ಹಾಲಿನಮನೆ_ಶ್ರೀನಿವಾಸಪುರ
ಮಗಳು ಎಲ್ಲಾನೂ ಓದಿದ್ಲು. ಎರಡು ಪ್ರಶ್ನೆ ಬರ್ಕೊಂಡವ್ಳೆ. ಒಂದು, 273 ಅಂತ ಅಲ್ಲಿಗೆ ಹೋಗ್ದೆ ಹೇಗೆ ಕಂಡುಹಿಡಿದ್ರು. ಎರಡು, ಅಷ್ಟು ಹತ್ರ ಹೋಗ್ತಾರಂದ್ರೆ ಪೂರ್ತಿ ಸೊನ್ನೆ ಮುಟ್ಟೋಕೆ ಏನಡ್ಡಿ.

ಚಿಂತಾಮಣಿ_ಮೇಷ್ಟ್ರು
ಎರಡನೇದು ಮೊದಲು ಹೇಳ್ತೀನಿ, ಅದು ನಿಮ್ಮ ಮನೇಲೇ ದಿನಾ ನಡೆಯುತ್ತೆ. ಹಾಲಿನ ಕ್ಯಾನ್ ತೊಳಿಯುವಾಗ ಒಂದು ಚೊಂಬು ನೀರು ಹಾಕಿ ಕುಲುಕಿ ಚೆಲ್ತೀರ, ಗೋಡೆಗೆ ಅಂಟಿದ ಹಾಲಲ್ಲಿ ಹತ್ತನೇ ಒಂದು ಪಾಲು ಉಳಿಯುತ್ತೆ ಅಂದ್ಕೊಳಿ. ಇನ್ನೊಂದ್ಸಲ ತೊಳೆದ್ರೆ ಅದರಲ್ಲಿ ಹತ್ತನೇ ಒಂದು. ಮತ್ತೆ ತೊಳೆದ್ರೆ ಮತ್ತೆ ಹತ್ತನೇ ಒಂದು. ಎಷ್ಟು ಚೊಂಬು ಹಾಕಿದ್ರೆ ಪೂರ್ತಿ ಸೊನ್ನೆ? ಲೆಕ್ಕದಲ್ಲಿ ಯಾವತ್ತೂ ಇಲ್ಲ. ತಣ್ಣಗೆ ಮಾಡೋದೂ ಹಾಗೇ, ಪ್ರತಿ ಹೆಜ್ಜೆಯೂ ಉಳಿದಿರೋದ್ರಲ್ಲಿ ಒಂದು ಪಾಲನ್ನ ತೆಗೆಯುತ್ತೆ, ಸೊನ್ನೆ ಹತ್ರ ಹೋದಷ್ಟೂ ಒಂದು ಹೆಜ್ಜೆಗೆ ಸಿಗೋದು ಕಮ್ಮಿ ಕಮ್ಮಿ ಆಗ್ತಾ ಹೋಗುತ್ತೆ, ಎಣಿಸೋಕಾಗೋ ಅಷ್ಟು ಹೆಜ್ಜೆಯಲ್ಲಿ ಮುಟ್ಟೋಕಾಗಲ್ಲ. ಇದನ್ನ ನಿಯಮವಾಗಿ ಹೇಳಿದ್ದು ಜರ್ಮನಿಯ ನೆರ್ನ್ಸ್ಟ್.

ಎಂಎಸ್ಸಿ_ತುಮಕೂರು
ಎಷ್ಟು ಹತ್ರ ಹೋಗಿದ್ದಾರೆ ಅನ್ನೋದು ನಾನು ಹೇಳ್ತೀನಿ. ಖಾಲಿ ಬಾಹ್ಯಾಕಾಶ 2.7 ಕೆಲ್ವಿನ್. ಬೂಮರಾಂಗ್ ನೀಹಾರಿಕೆ ಅಂತ ಒಂದಿದೆ, ಅಲ್ಲಿ 1 ಕೆಲ್ವಿನ್. ಅದಕ್ಕಿಂತ ತಣ್ಣನೆ ಜಾಗ ಅಂದ್ರೆ ಮನುಷ್ಯರ ಲ್ಯಾಬುಗಳೇ. 1995ರಲ್ಲಿ ಅಮೆರಿಕದ ಕಾರ್ನೆಲ್, ವೀಮನ್ ಇಬ್ಬರೂ ರುಬಿಡಿಯಂ ಪರಮಾಣುಗಳನ್ನ ಒಂದು ಕೆಲ್ವಿನಿನ ಕೋಟಿ ಭಾಗದಲ್ಲಿ ಎರಡು ಭಾಗದಷ್ಟು ಕೆಳಗೆ ಇಳಿಸಿದ್ರು, ಅಲ್ಲಿ ಎಲ್ಲಾ ಪರಮಾಣುನೂ ಸೇರಿ ಒಂದೇ ಥರ ನಡ್ಕೊಳ್ತವೆ. ಹಾಗಾಗುತ್ತೆ ಅಂತ ಎಪ್ಪತ್ತು ವರ್ಷ ಮೊದ್ಲೇ ಹೇಳಿದ ಸಿದ್ಧಾಂತದಲ್ಲಿ ನಮ್ಮ ಸತ್ಯೇಂದ್ರನಾಥ ಬೋಸ್ ಹೆಸರಿದೆ, ಐನ್‌ಸ್ಟೈನ್ ಜೊತೆಗೆ. 2021ರಲ್ಲಿ ಜರ್ಮನಿಯ ಬ್ರೆಮೆನಲ್ಲಿ ನೂರು ಮೀಟರ್‌ಗೂ ಎತ್ತರದ ಗೋಪುರದಿಂದ ಅಂಥಾ ಪರಮಾಣುಗಳ ಮೋಡನ ಕೆಳಕ್ಕೆ ಬಿಟ್ಟು 38 ಪಿಕೊಕೆಲ್ವಿನ್ ಮುಟ್ಟಿದ್ರು, ಒಂದು ಕೆಲ್ವಿನನ್ನ ಲಕ್ಷ ಕೋಟಿ ಭಾಗ ಮಾಡಿದ್ರೆ ಅದ್ರಲ್ಲಿ ಮೂವತ್ತೆಂಟು ಭಾಗ. ಆದ್ರೂ ಸೊನ್ನೆ ಅಲ್ಲ.

ಚಿಂತಾಮಣಿ_ಮೇಷ್ಟ್ರು
ಈಗ ಮೊದಲನೇ ಪ್ರಶ್ನೆ, ಇದು ನಂಗೆ ತುಂಬ ಇಷ್ಟ, ಯಾಕಂದ್ರೆ ಇದನ್ನ ಮನೇಲೇ ಮಾಡ್ಬೋದು. ಗಾಳಿ ತಣ್ಣಗಾದ್ರೆ ಕುಗ್ಗುತ್ತೆ. ಐಸಿನ ಉಷ್ಣತೆಯಲ್ಲಿ ಇರೋ ಗಾತ್ರದಲ್ಲಿ, ಪ್ರತಿ ಒಂದು ಡಿಗ್ರಿಗೆ 273ರಲ್ಲಿ ಒಂದು ಪಾಲಿನಷ್ಟು. ಹಾಗೇ ಗೆರೆ ಎಳೆದ್ರೆ ಮೈನಸ್ 273ಕ್ಕೆ ಗಾತ್ರ ಸೊನ್ನೆ ಆಗ್ಬೇಕು. ಗಾಳಿಗೂ ಅದೇ ಜಾಗ, ಹೈಡ್ರೋಜನಿಗೂ ಅದೇ ಜಾಗ, ಯಾವ ಅನಿಲ ತಗೊಂಡ್ರೂ ಗೆರೆ ಹೋಗಿ ಸೇರೋದು ಅಲ್ಲಿಗೇ. ಒಂದು ವಸ್ತುವಿನ ಗುಣ ಆಗಿದ್ರೆ ಹಾಗಾಗ್ತಿರ್ಲಿಲ್ಲ, ಅದು ಉಷ್ಣತೆಯದೇ ತಳ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಫ್ರಾನ್ಸಿನ ಅಮೊಂಟೊನ್ಸ್ 1700ರ ಆಸುಪಾಸಲ್ಲೇ ಇದರ ವಾಸನೆ ಹಿಡಿದಿದ್ರು, 1848ರಲ್ಲಿ ವಿಲಿಯಂ ಥಾಮ್ಸನ್ ಯಾವ ವಸ್ತುವನ್ನೂ ನಂಬದ ಸ್ಕೇಲ್ ಬೇಕು ಅಂತ ಬರೆದಾಗ ಮೈನಸ್ 273 ಅಂತಲೇ ಲೆಕ್ಕ ಹೇಳಿದ್ರು. ಆಗ ಅವರಿಗೆ 24 ವರ್ಷ. ಆಮೇಲೆ ಲಾರ್ಡ್ ಕೆಲ್ವಿನ್ ಅಂತ ಬಿರುದು ಬಂತು, ಕೆಲ್ವಿನ್ ಅನ್ನೋದು ಅವರ ಗ್ಲಾಸ್ಗೊ ಯೂನಿವರ್ಸಿಟಿ ಪಕ್ಕ ಹರಿಯೋ ಹೊಳೆ ಹೆಸರು.

ಮಗಳಿಗೆ ಹೇಳಿ, ದೊಡ್ಡ ಸಿರಿಂಜು, ಗಾಜಿಂದಾದ್ರೆ ಒಳ್ಳೇದು, ಸೂಜಿ ಬೇಡ. ಒಳಗೆ ಚೆನ್ನಾಗಿ ಒಣಗಿಸಿ, ಒಂದು ಹನಿ ನೀರಿದ್ರೂ ಬಿಸಿಗೆ ಆವಿಯಾಗಿ ಲೆಕ್ಕ ಕೆಡುತ್ತೆ. ಗಾಳಿ ಎಳ್ಕೊಂಡು ತುದಿ ಮುಚ್ಚಿ, ಐಸು ನೀರಲ್ಲಿ ಮುಳುಗಿಸಿ ಎಷ್ಟು ಎಂಎಲ್ ಅಂತ ನೋಡ್ಲಿ, ಬಿಸಿ ನೀರಲ್ಲಿ ನೋಡ್ಲಿ, ಗ್ರಾಫ್ ಹಾಳೆಯಲ್ಲಿ ಗೆರೆ ಎಳೀಲಿ. ನಮ್ಮ ಶಾಲೆ ಮಕ್ಕಳಿಗೆ ಮೈನಸ್ 250ರಿಂದ ಮೈನಸ್ 290ರೊಳಗೆ ಬರ್ತಿತ್ತು. ಕುದಿಯೋ ನೀರು ಬೇಡ, ಕೈ ಸುಟ್ಕೊಂಡಾಳು.

ರಾಕೇಟು_ಗೌರಿಬಿದನೂರು
ಕುದಿಯೋ ನೀರಾದ್ರೆ ಥರ್ಮಾಮೀಟರೇ ಬೇಡ ಅಲ್ವಾ ಮೇಷ್ಟ್ರೇ, 100 ಅಂತ ಹಾಕ್ಕೊಂಡ್ರಾಯ್ತು?

ಚಿಂತಾಮಣಿ_ಮೇಷ್ಟ್ರು
ನಮ್ಮಲ್ಲಿ ಆಗಲ್ಲಪ್ಪ. ಕೋಲಾರ ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಮೇಲಿದೆ, ಇಲ್ಲಿ ನೀರು 97ಕ್ಕೇ ಕುದಿಯುತ್ತೆ. ನಂದಿ ಬೆಟ್ಟ 1478 ಮೀಟರ್, ಅಲ್ಲಿ ಟೀ ಅಂಗಡಿಯ ನೀರು 95ಕ್ಕೆ. ಕುದಿಯೋದು ಊರಿಗೊಂದು ಥರ ಅಂತಾನೇ ವಿಜ್ಞಾನಿಗಳು ಅದನ್ನ ಬಿಟ್ಟು 1954ರಲ್ಲಿ ನೀರು, ಐಸು, ಆವಿ ಮೂರೂ ಒಟ್ಟಿಗೆ ಇರೋ ಬಿಂದುನ ಹಿಡ್ಕೊಂಡ್ರು, ಅದು 273.16 ಕೆಲ್ವಿನ್. 2019ರ ಮೇ 20ರಿಂದ ನೀರನ್ನೂ ಬಿಟ್ಟು ಬೋಲ್ಟ್ಸ್‌ಮನ್ ಸ್ಥಿರಾಂಕ ಅನ್ನೋ ಒಂದು ಸಂಖ್ಯೆಯ ಮೇಲೆ ಕೆಲ್ವಿನ್ ನಿಲ್ಲಿಸಿದ್ದಾರೆ.

ಪಶು_ಸೇವೆ_ಮಾಲೂರು
ಅಣ್ಣ, ನನ್ನ ಹತ್ರ ಹಳೇ ಗಾಜಿನ 50 ಎಂಎಲ್ ಸಿರಿಂಜ್ ಐತೆ, ಈಗ ಯಾರೂ ಬಳಸಲ್ಲ. ನಾಳೆ ನಿಮ್ಮ ಕಡೆ ಬರೋರಿದ್ದಾರೆ, ತೊಳೆದು ಒಣಗಿಸಿ ಕಳಿಸ್ತೀನಿ. ಪಾಪುಗೆ ಕೊಡಿ.

ಹಾಲಿನಮನೆ_ಶ್ರೀನಿವಾಸಪುರ
ಎಲ್ರಿಗೂ ಮತ್ತೆ ನಮಸ್ಕಾರ, ನಾಲ್ಕು ದಿನ ಆಯ್ತು. ಸಿರಿಂಜ್ ಬಂತು, ಜ್ಯೂಸ್ ಅಂಗಡಿಯಿಂದ ಐಸ್ ತಂದ್ವಿ, ಥರ್ಮಾಮೀಟರ್ ಕಾಲೇಜಿಂದ ಕೇಳಿ ತಂದ್ಲು. ಐಸ್ ನೀರು 3 ಡಿಗ್ರಿ, ಗಾಳಿ 40 ಎಂಎಲ್. ಬಿಸಿ ನೀರು 55 ಡಿಗ್ರಿ, 47.3 ಎಂಎಲ್. 52 ಡಿಗ್ರಿಗೆ 7.3 ಏರಿದೆ, ಹಂಗಾದ್ರೆ 40 ಎಂಎಲ್ ಪೂರ್ತಿ ಹೋಗೋಕೆ 285 ಡಿಗ್ರಿ ಇಳೀಬೇಕು, 3ರಿಂದ 285 ಕಳೆದ್ರೆ ಮೈನಸ್ 282. ಇಲ್ಲದೇ ಇರೋ ಜಾಗಕ್ಕೆ ಹೋಗಿಬಿಟ್ಟಿದ್ದೀನಿ ಅಂತ ಅವಳಿಗೆ ಬೇಜಾರು. ಇನ್ನೊಂದು ಕೇಳ್ತಾವ್ಳೆ, ನಿಜವಾಗ್ಲೂ ಗಾಳಿ ಸೊನ್ನೆ ಎಂಎಲ್ ಆಗುತ್ತಾ?

ಚಿಂತಾಮಣಿ_ಮೇಷ್ಟ್ರು
ಆಗಲ್ಲ ತಾಯಿ. ಅದಕ್ಕೂ ಎಷ್ಟೋ ಮುಂಚೆ ಗಾಳಿ ದ್ರವ ಆಗಿರುತ್ತೆ, ನೀನು ಕೊಟ್ಟಿಗೆಯಲ್ಲಿ ನೋಡಿದ ಕ್ಯಾನ್ ಅದೇ ತಾನೇ. ಗೆರೆ ಮಾತ್ರ ಮುಂದಕ್ಕೆ ಎಳೆಯೋದು, ಗಾಳಿ ಅಲ್ಲಿವರೆಗೆ ಜೊತೆಗೆ ಬರಲ್ಲ. ನಾನು ಮುಂಚೆ ಬರೆದಿದ್ದರಲ್ಲಿ ಈ ಮಾತು ಬಿಟ್ಟುಹೋಗಿತ್ತು.

282 ಯಾಕೆ ಬಂತು ಅಂದ್ರೆ ನಳಿಗೆಯಲ್ಲಿ ಪಿಸ್ಟನ್ ಸ್ವಲ್ಪ ಹಿಡಿಯುತ್ತೆ. ಗಾಳಿ ಹಿಗ್ಗುವಾಗ ಅದು ಪೂರ್ತಿ ಮೇಲಕ್ಕೆ ಬರಲ್ಲ, ಎಂಎಲ್ ಕಮ್ಮಿ ತೋರಿಸುತ್ತೆ. ಈಗ ಉಲ್ಟಾ ಮಾಡು, ಇನ್ನೂ ಸ್ವಲ್ಪ ಜಾಸ್ತಿ ಬಿಸಿಯಿಂದ 55ಕ್ಕೆ ಇಳಿಸ್ಕೊಂಡು ಬಂದು ಓದು, ಪಿಸ್ಟನ್ ಮೇಲೇ ಸಿಕ್ಕಿಕೊಂಡಿರುತ್ತೆ. ಓದೋ ಮೊದ್ಲು ಬೆರಳಿಂದ ಮೆಲ್ಲಗೆ ಎರಡು ತಟ್ಟು.

ಹಾಲಿನಮನೆ_ಶ್ರೀನಿವಾಸಪುರ
ಮೇಷ್ಟ್ರೇ, ರಾತ್ರಿ ಹಾಲು ಕರೆದು ಡೈರಿಗೆ ಹಾಕಿ ಬರೋಷ್ಟರಲ್ಲಿ ಮಾಡಿಬಿಟ್ಟವ್ಳೆ. ಇಳಿಸ್ಕೊಂಡು ಬಂದಾಗ 47.8, ಲೆಕ್ಕ ಮೈನಸ್ 264. ಒಂದು ಆ ಕಡೆ ಒಂದು ಈ ಕಡೆ. ಹಾಳೆ ಚಿಕ್ಕದಾಯ್ತು ಅಂತ ಎರಡು ಗ್ರಾಫ್ ಹಾಳೆ ಅಂಟಿಸ್ಕೊಂಡು ಗೆರೆ ಎಳೀತಾ ಕೂತವ್ಳೆ, ನಾಳೆ ಬೆಳಗ್ಗೆ ಬಿಸಿ ನೀರಿಲ್ದೆ ಐಸಿಲ್ದೆ ಹಾಗೇ ಕೊಟ್ಟಿಗೆ ಗಾಳಿಯಲ್ಲಿ ಮೂರನೇ ಬಿಂದು ತಗೋತಾಳಂತೆ.